ಮಂಗನ ಕಾಯಿಲೆಯ ವೈರಸ್‌ಗೆ ಔಷಧ ಹುಡುಕುವ ಪರೀಕ್ಷೆಗಳು: ವೆಲ್ ಪ್ಲೇಟ್‌ನಲ್ಲಿ ಬಂದ ಫಲಿತಾಂಶವನ್ನು ಎಷ್ಟರ ಮಟ್ಟಿಗೆ ನಂಬಬೇಕು?

ಪ್ರಶ್ನೆ: ಶರಾವತಿ_ತೀರ

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ, ಊರು ಸಾಗರ ತಾಲ್ಲೂಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ವೈರಸ್ ಇಂದಿಗೂ ನಮ್ಮ ಕಡೆ ಚಳಿಗಾಲದಿಂದ ಮಳೆಗಾಲದ ಆರಂಭದವರೆಗೆ ಜನರನ್ನು ಹಾಸಿಗೆ ಹಿಡಿಸುತ್ತಿದೆ. ಇಷ್ಟು ದಶಕಗಳಾದರೂ ರೋಗಿಗೆ ಕೊಡಬಹುದಾದ ನಿರ್ದಿಷ್ಟ ಔಷಧವಿಲ್ಲ. ಜ್ವರ, ರಕ್ತಸ್ರಾವ ಮತ್ತು ನಿರ್ಜಲೀಕರಣಕ್ಕೆ ಪೂರಕ ಚಿಕಿತ್ಸೆಯಷ್ಟೇ ಇದೆ. ಆದ್ದರಿಂದ ನನ್ನ ಸೆಮಿನಾರಿಗೆ ಹೊಸ ವೈರಸ್‌ಗಳ ವಿರುದ್ಧ ಔಷಧಗಳನ್ನು ಜರಡಿ ಹಿಡಿಯುವ ಪ್ರಯೋಗಾಲಯ ವಿಧಾನಗಳನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಓದುತ್ತ ಹೋದಂತೆ ಒಂದು ಗೊಂದಲ ಬಲವಾಗುತ್ತಿದೆ. ಪ್ರಯೋಗಾಲಯದಲ್ಲಿ ಬೆಳೆಸುವ ವೀರೊ ಎಂಬ ಕೋತಿ ಕೋಶಗಳಲ್ಲಿ ವೈರಸ್ಸನ್ನು ತಡೆಯಿತು ಎಂದು ವರದಿಯಾದ ರಾಸಾಯನಿಕಗಳು ನೂರಾರಿವೆ, ಆದರೆ ಮನುಷ್ಯರಲ್ಲಿ ಕೆಲಸ ಮಾಡಿದವು ಬೆರಳೆಣಿಕೆಯಷ್ಟು. ಕೋವಿಡ್ ಕಾಲದಲ್ಲಿ ಕ್ಲೋರೊಕ್ವಿನ್ ಬಗ್ಗೆ ನಡೆದದ್ದು ನಮಗೆಲ್ಲ ನೆನಪಿದೆ. ಹಾಗಾದರೆ ದೋಷ ಇರುವುದು ಪರೀಕ್ಷೆಯಲ್ಲೋ, ಅದನ್ನು ನಾವು ಓದುವ ರೀತಿಯಲ್ಲೋ? ಒಂದು ಪ್ರಬಂಧದಲ್ಲಿ ಇಸಿ50 ಇಷ್ಟು, ಸೆಲೆಕ್ಟಿವಿಟಿ ಇಂಡೆಕ್ಸ್ ಇಷ್ಟು ಎಂದು ಬರೆದಿದ್ದರೆ ಅದನ್ನು ನಂಬುವ ಮುನ್ನ ಏನೇನು ಕೇಳಬೇಕು? ಮಂಗನ ಕಾಯಿಲೆಯ ವೈರಸ್ ಮೇಲೆ ಇಂಥ ಕೆಲಸ ನಿಜವಾಗಿ ನಡೆದಿದೆಯೇ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಕೋಶಕೃಷಿ

ನಾನು ಹಲವು ವರ್ಷಗಳಿಂದ ವೈರಾಣು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ತಮ್ಮ ಗೊಂದಲ ಸಕಾರಣವಾದದ್ದು. ನನ್ನ ಮಟ್ಟಿಗೆ ಉತ್ತರ ಇಷ್ಟು: ಪರೀಕ್ಷೆ ಸಾಮಾನ್ಯವಾಗಿ ತನ್ನನ್ನು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸುತ್ತದೆ, ಆದರೆ ನಾವು ಅದರಿಂದ ಬೇರೊಂದು ಪ್ರಶ್ನೆಗೆ ಉತ್ತರ ಪಡೆದೆವೆಂದು ಭಾವಿಸುತ್ತೇವೆ.

ಮೊದಲು ಮೂಲ ಪರೀಕ್ಷೆಯನ್ನು ನೋಡೋಣ. 96 ಅಥವಾ 384 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ಕೋಶಗಳನ್ನು ಬೆಳೆಸಿ, ಪ್ರತಿ ವೆಲ್‌ಗೆ ಔಷಧದ ಬೇರೆ ಬೇರೆ ಸಾಂದ್ರತೆಯನ್ನೂ ಗೊತ್ತಾದ ಪ್ರಮಾಣದ ವೈರಸ್ಸನ್ನೂ ಹಾಕಿ, ಎರಡು ಮೂರು ದಿನಗಳ ನಂತರ ಎಷ್ಟು ಕೋಶಗಳು ಉಳಿದಿವೆ ಎಂದು ಬಣ್ಣದಿಂದಲೋ ಬೆಳಕಿನಿಂದಲೋ ಅಳೆಯುತ್ತಾರೆ. ವೈರಸ್ಸಿನ ಪರಿಣಾಮವನ್ನು ಅರ್ಧಕ್ಕೆ ಇಳಿಸುವ ಸಾಂದ್ರತೆ ಇಸಿ50. ವೈರಸ್ ಇಲ್ಲದ ಕೋಶಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಸಾಂದ್ರತೆ ಸಿಸಿ50. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು ಸೆಲೆಕ್ಟಿವಿಟಿ ಇಂಡೆಕ್ಸ್. ಪ್ಲೇಟ್ ಒಟ್ಟಾರೆ ನಂಬಲು ಯೋಗ್ಯವೇ ಎಂಬುದಕ್ಕೆ 1999ರಲ್ಲಿ ಪ್ರಕಟವಾದ ಜೆಡ್-ಪ್ರೈಮ್ ಎಂಬ ಅಳತೆಯಿದೆ. ವೈರಸ್ ಮಾತ್ರ ಇರುವ ವೆಲ್‌ಗಳು ಮತ್ತು ವೈರಸ್ ಇಲ್ಲದ ವೆಲ್‌ಗಳ ನಡುವಿನ ಅಂತರ ಅವುಗಳ ಏರಿಳಿತಕ್ಕಿಂತ ಸಾಕಷ್ಟು ದೊಡ್ಡದೇ ಎಂದು ಅದು ಹೇಳುತ್ತದೆ, 0.5ಕ್ಕಿಂತ ಹೆಚ್ಚಿದ್ದರೆ ಪ್ಲೇಟ್ ಚೆನ್ನಾಗಿದೆ ಎಂದು ಪರಿಗಣಿಸುತ್ತಾರೆ.

ಇಲ್ಲಿ ಅಳೆದದ್ದು ವೈರಸ್ಸನ್ನಲ್ಲ, ಕೋಶದ ಉಳಿವನ್ನು ಎಂಬುದನ್ನು ಮರೆಯಬಾರದು. ಎಂಟಿಟಿ ಬಣ್ಣವನ್ನು ಬಳಸಿದ್ದರೆ ಇನ್ನೂ ಎಚ್ಚರ ಬೇಕು. ಜೀವಂತ ಕೋಶಗಳ ಕಿಣ್ವಗಳು ಹಳದಿ ಎಂಟಿಟಿಯನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ ಎಂಬುದೇ ಆ ಪರೀಕ್ಷೆಯ ಆಧಾರ. ಆದರೆ ಗಿಡಮೂಲಿಕೆಗಳ ಸಾರದಲ್ಲಿರುವ ಪಾಲಿಫೀನಾಲ್‌ಗಳು ಕೋಶದ ನೆರವಿಲ್ಲದೆಯೇ ಆ ಬಣ್ಣವನ್ನು ತರಬಲ್ಲವು. ನಮ್ಮ ದೇಶದಲ್ಲಿ ಸಸ್ಯಸಾರಗಳ ಮೇಲೆ ಇಷ್ಟೊಂದು ಕೆಲಸ ನಡೆಯುತ್ತಿರುವಾಗ, ಕೋಶಗಳೇ ಇಲ್ಲದ ವೆಲ್‌ನಲ್ಲಿ ಸಾರ ಮತ್ತು ಎಂಟಿಟಿಯನ್ನು ಮಾತ್ರ ಹಾಕಿ ನೋಡಿದ ನಿಯಂತ್ರಣವಿಲ್ಲದ ಪ್ರಬಂಧಗಳು ಪ್ರಕಟವಾಗುತ್ತಲೇ ಇರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಅದೇ ರೀತಿ, ಸಾರವನ್ನೂ ವೈರಸ್ಸನ್ನೂ ಮೊದಲೇ ಬೆರೆಸಿಟ್ಟು ಆಮೇಲೆ ಕೋಶಗಳ ಮೇಲೆ ಹಾಕಿದ್ದರೆ, ಟ್ಯಾನಿನ್‌ಗಳು ವೈರಸ್ಸಿನ ಹೊರಮೈ ಪ್ರೋಟೀನುಗಳನ್ನು ಹೆಪ್ಪುಗಟ್ಟಿಸಿರುವ ಸಾಧ್ಯತೆಯೇ ಹೆಚ್ಚು. ಅದು ನೆಲ ಒರೆಸುವ ದ್ರಾವಣಕ್ಕೂ ಇರುವ ಶಕ್ತಿ.

ಆದ್ದರಿಂದ ಮೊದಲ ಜರಡಿಯಲ್ಲಿ ಉಳಿದದ್ದನ್ನು ವೈರಸ್ಸಿನ ಇಳುವರಿ ಅಳೆಯುವ ಪರೀಕ್ಷೆಗೆ ಒಳಪಡಿಸಲೇಬೇಕು. ಔಷಧವಿದ್ದ ವೆಲ್‌ನ ದ್ರವವನ್ನು ತೆಗೆದು, ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತ ಹೊಸ ಕೋಶಗಳ ಮೇಲೆ ಹಾಕಿ, ಎಷ್ಟು ಪ್ಲಾಕ್‌ಗಳು (ವೈರಸ್ ಕೋಶಗಳನ್ನು ಕೊಂದು ಮಾಡಿದ ಖಾಲಿ ಚುಕ್ಕೆಗಳು) ಮೂಡಿದವು ಎಂದು ಎಣಿಸುವ ಈ ವಿಧಾನವನ್ನು ಪ್ರಾಣಿ ವೈರಸ್‌ಗಳಿಗೆ ರೆನಾಟೊ ಡಲ್ಬೆಕೊ 1952ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಇದಕ್ಕಿಂತ ಹೆಚ್ಚು ವಿಶ್ವಾಸಾರ್ಹವಾದದ್ದು ಇಲ್ಲವೆಂದೇ ನನ್ನ ಅಭಿಪ್ರಾಯ. ದ್ರವದ ಜೊತೆ ಉಳಿಕೆ ಔಷಧವೂ ಹೊಸ ಕೋಶಗಳಿಗೆ ಹೋಗುವುದರಿಂದ ಕಡಿಮೆ ತೆಳುಗೊಳಿಸಿದ ವೆಲ್‌ಗಳನ್ನು ನಂಬಬಾರದು. ಹಾಗೆಯೇ ಸಿಸಿ50ಯನ್ನು ಒತ್ತಾಗಿ ಬೆಳೆದು ನಿಂತ ಕೋಶಗಳಲ್ಲಿ ಮಾತ್ರ ಅಳೆದಿದ್ದರೆ, ಕೋಶ ವಿಭಜನೆಯನ್ನು ತಡೆಯುವ ವಿಷಗುಣ ಕಣ್ಣಿಗೆ ಬೀಳುವುದೇ ಇಲ್ಲ. ಬೆಳೆಯುತ್ತಿರುವ ಕೋಶಗಳಲ್ಲೂ ಅಳೆಯಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ, ಕೋಶದ ಆಯ್ಕೆ. ವೀರೊ ಕೋಶಗಳನ್ನು 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ಬೆಳೆಸಿದರು. ಅವು ವೈರಸ್ ವಿರುದ್ಧ ಕೋಶದ ರಕ್ಷಣಾ ಪ್ರೋಟೀನಾದ ಒಂದನೇ ಬಗೆಯ ಇಂಟರ್‌ಫೆರಾನನ್ನು ತಯಾರಿಸಲಾರವು. ಆದ್ದರಿಂದಲೇ ಅನೇಕ ವೈರಸ್‌ಗಳೂ ಅವುಗಳಲ್ಲಿ ಸಲೀಸಾಗಿ ಬೆಳೆಯುತ್ತವೆ. 2020ರ ಫೆಬ್ರವರಿಯಲ್ಲಿ ವುಹಾನ್‌ನ ವಿಜ್ಞಾನಿಗಳು ವೀರೊ ಇ6 ಕೋಶಗಳಲ್ಲಿ ರೆಮ್ಡೆಸಿವಿರ್‌ನ ಇಸಿ50 0.77 ಮೈಕ್ರೊಮೋಲಾರ್, ಕ್ಲೋರೊಕ್ವಿನ್‌ನದು 1.13 ಮೈಕ್ರೊಮೋಲಾರ್ ಎಂದು ವರದಿ ಮಾಡಿದರು. ಎರಡೂ ಹೆಚ್ಚುಕಡಿಮೆ ಒಂದೇ ಎನಿಸುವ ಅಂಕಿಗಳು. ಕ್ಲೋರೊಕ್ವಿನ್‌ನ ಸೆಲೆಕ್ಟಿವಿಟಿ ಇಂಡೆಕ್ಸ್ ಕೂಡ 88ಕ್ಕಿಂತ ಮೇಲಿತ್ತು. ಆದರೆ ವೀರೊ ಕೋಶದಲ್ಲಿ ಆ ಕೊರೊನಾ ವೈರಸ್ ಎಂಡೊಸೋಮಿನ (ಕೋಶದೊಳಗಿನ ಪುಟ್ಟ ಚೀಲದ) ಆಮ್ಲೀಯ ವಾತಾವರಣದ ಮೂಲಕ ಒಳಗೆ ಬರುತ್ತದೆ, ಕ್ಲೋರೊಕ್ವಿನ್ ಆ ಆಮ್ಲೀಯತೆಯನ್ನು ಕುಗ್ಗಿಸುತ್ತದೆ. ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ವೈರಸ್ಸಿಗೆ ಹೊರಮೈಯಲ್ಲೇ ದಾರಿ ತೆರೆದುಕೊಡುವುದರಿಂದ ಎಂಡೊಸೋಮಿನ ಅಗತ್ಯವೇ ಬೀಳುವುದಿಲ್ಲ. ಕ್ಯಾಲು-3 (Calu-3) ಎಂಬ ಶ್ವಾಸಕೋಶ ಕೋಶಗಳಲ್ಲಿ ಪರೀಕ್ಷಿಸಿದಾಗ ಕ್ಲೋರೊಕ್ವಿನ್ ವೈರಸ್ಸನ್ನು ತಡೆಯಲೇ ಇಲ್ಲ. ಅತ್ತ ರೆಮ್ಡೆಸಿವಿರ್‌ನ ಕಥೆ ತಿರುಗುಮುರುಗು: ಅದನ್ನು ಕ್ರಿಯಾಶೀಲ ರೂಪಕ್ಕೆ ಪರಿವರ್ತಿಸುವ ಸಾಮರ್ಥ್ಯ ವೀರೊ ಇ6 ಕೋಶಗಳಲ್ಲಿ ಕಡಿಮೆ. ಒಂದೇ ಅಧ್ಯಯನದಲ್ಲಿ ಅದರ ಇಸಿ50 ವೀರೊ ಇ6 ಕೋಶಗಳಲ್ಲಿ 1.65, ಮನುಷ್ಯರ ಶ್ವಾಸನಾಳದ ಪ್ರಾಥಮಿಕ ಕೋಶಗಳಲ್ಲಿ 0.01 ಮೈಕ್ರೊಮೋಲಾರ್ ಎಂದು ಬಂದಿತ್ತು. ಹೀಗೆ ಒಂದೇ ಕೋಶ ಒಂದು ಔಷಧವನ್ನು ಇರುವುದಕ್ಕಿಂತ ಮೇಲೆಯೂ ಇನ್ನೊಂದನ್ನು ಕೆಳಗೆಯೂ ತೋರಿಸಿತು.

ಇದಕ್ಕೆ ಸೇರಿದ ಇನ್ನೊಂದು ಸಂಗತಿ 2021ರಲ್ಲಿ ಸ್ಪಷ್ಟವಾಯಿತು. ಅಮಿಯೊಡರೋನ್‌ನಂತೆ ಧನಾವೇಶವೂ ಜಿಡ್ಡಿನ ಭಾಗವೂ ಇರುವ ಅನೇಕ ಔಷಧಗಳು ಕೋಶದೊಳಗೆ ಫಾಸ್ಫೊಲಿಪಿಡ್ ಶೇಖರವಾಗುವಂತೆ ಮಾಡಿ, ಆ ಕಾರಣದಿಂದಲೇ ವೈರಸ್ಸನ್ನು ತಡೆದಂತೆ ಕಾಣುತ್ತವೆ. ಅದೊಂದು ವಿಷಪರಿಣಾಮದ ನೆರಳು. ಪ್ರಾಣಿಗಳಲ್ಲಿ ಅದರಿಂದ ರಕ್ಷಣೆ ದೊರೆಯಲಿಲ್ಲ. ಹಳೆಯ ಔಷಧಗಳನ್ನು ಹೊಸ ವೈರಸ್ ಮೇಲೆ ಪ್ರಯೋಗಿಸುವ ಯಾವುದೇ ಪಟ್ಟಿಯಲ್ಲಿ ಇಂಥವು ಮೇಲಕ್ಕೆ ಬಂದು ಕೂರುತ್ತವೆ.

ಮಂಗನ ಕಾಯಿಲೆಯ ವೈರಸ್ ಡೆಂಗಿಯ ದೂರದ ಬಂಧು, ಎರಡೂ ಫ್ಲೇವಿವೈರಸ್‌ಗಳು. ಆದ್ದರಿಂದ ಡೆಂಗಿಯಲ್ಲಿ ಕಂಡ ಒಂದು ಉದಾಹರಣೆ ತಮಗೆ ಹೆಚ್ಚು ಉಪಯುಕ್ತವಾದೀತು. ಎನ್‌ಐಟಿಡಿ-982 ಎಂಬ ರಾಸಾಯನಿಕ ಕೋಶಗಳಲ್ಲಿ ಡೆಂಗಿ ವೈರಸ್ಸನ್ನು ಅತ್ಯಂತ ಕಡಿಮೆ ಸಾಂದ್ರತೆಯಲ್ಲೇ ತಡೆಯಿತು. ಅದು ಕೆಲಸ ಮಾಡುತ್ತಿದ್ದುದು ಕೋಶದ ಪಿರಿಮಿಡಿನ್ ತಯಾರಿಕೆಯನ್ನು ನಿಲ್ಲಿಸಿ, ವೈರಸ್ಸಿನ ಆರ್‌ಎನ್‌ಎಗೆ ಬೇಕಾದ ಸಾಮಗ್ರಿ ಸಿಗದಂತೆ ಮಾಡುವುದರ ಮೂಲಕ. ಇಲಿಗಳಲ್ಲಿ ಅದು ಫಲ ಕೊಡಲಿಲ್ಲ, ಏಕೆಂದರೆ ಆಹಾರದಿಂದ ಬರುವ ಪಿರಿಮಿಡಿನ್ ಕೊರತೆಯನ್ನು ತುಂಬಿಕೊಟ್ಟಿರಬೇಕು. ಕೋಶಗಳನ್ನು ಬೆಳೆಸುವ ಮಾಧ್ಯಮಕ್ಕೆ ಯೂರಿಡಿನ್ ಎಂಬ ಪಿರಿಮಿಡಿನ್ ಬೆರೆಸಿದಾಗ ಔಷಧದ ಪರಿಣಾಮ ಮಾಯವಾಗುತ್ತದೆಯೇ ಎಂಬ ಅಗ್ಗದ ಪರೀಕ್ಷೆ ಈ ಬಗೆಯ ಹಿಟ್‌ಗಳನ್ನು (ಜರಡಿಯಲ್ಲಿ ಫಲ ತೋರಿದ ರಾಸಾಯನಿಕಗಳನ್ನು) ಆರಂಭದಲ್ಲೇ ಗುರುತಿಸುತ್ತದೆ.

ಉತ್ತರ 2: ಔಷಧಶಾಸ್ತ್ರ_ಮೈಸೂರು

ಮೇಲಿನವರು ಕೋಶದ ಕಡೆಯಿಂದ ಬರೆದಿದ್ದಾರೆ. ನಾನು ರೋಗಿಯ ರಕ್ತದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಇಸಿ50 ಅಂಕಿಯನ್ನು ಓದಿದ ಕೂಡಲೇ ಅದರ ಪಕ್ಕದಲ್ಲಿ ಬರೆದುಕೊಳ್ಳಬೇಕಾದ ಇನ್ನೊಂದು ಅಂಕಿಯೆಂದರೆ, ಸುರಕ್ಷಿತ ಡೋಸಿನಲ್ಲಿ ಆ ಔಷಧ ರಕ್ತದಲ್ಲಿ ಎಷ್ಟು ಸಾಂದ್ರತೆಗೆ ಏರುತ್ತದೆ, ಮತ್ತು ಅದರಲ್ಲಿ ಪ್ರೋಟೀನಿಗೆ ಅಂಟಿಕೊಳ್ಳದೆ ಮುಕ್ತವಾಗಿರುವ ಪಾಲು ಎಷ್ಟು ಎಂಬುದು. 2020ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಿಂದ ಬಂದ ವರದಿಯಲ್ಲಿ ಐವರ್‌ಮೆಕ್ಟಿನ್ 5 ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ ಕೊರೊನಾ ವೈರಸ್ಸಿನ ಆರ್‌ಎನ್‌ಎಯನ್ನು 48 ಗಂಟೆಗಳಲ್ಲಿ ಸುಮಾರು 5,000 ಪಟ್ಟು ತಗ್ಗಿಸಿತ್ತು. ಕೋಶದೊಳಗೆ ಕಂಡದ್ದು ನಿಜ. ಆದರೆ ವಾಡಿಕೆಯ ಡೋಸಿನಲ್ಲಿ ರಕ್ತದಲ್ಲಿ ದೊರೆಯುವ ಸಾಂದ್ರತೆ ಅದಕ್ಕಿಂತ ಹತ್ತಾರು ಪಟ್ಟು ಕಡಿಮೆ, ಜೊತೆಗೆ ಆ ಔಷಧದ ಬಹುಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಕೋಶ ಕೃಷಿಯ ಮಾಧ್ಯಮದಲ್ಲಿ ಸಾಮಾನ್ಯವಾಗಿ ಶೇ 2ರಷ್ಟೇ ಸೀರಂ ಇರುವುದರಿಂದ ಈ ಅಂಟಿಕೆಯ ಪರಿಣಾಮ ಅಲ್ಲಿ ಗೋಚರಿಸುವುದಿಲ್ಲ. ಮನುಷ್ಯರ ಸೀರಂ ಅನ್ನು ಶೇ 40ರಿಂದ 50ರವರೆಗೆ ಬೆರೆಸಿ ಪರೀಕ್ಷೆಯನ್ನು ಪುನರಾವರ್ತಿಸಿದ್ದಾರೆಯೇ ಎಂದು ನೋಡಬೇಕು. ಇನ್ನು, ವೈರಸ್ಸಿನ ಅರ್ಧವನ್ನು ತಡೆದರೆ ರೋಗಿ ಗುಣವಾಗುವುದಿಲ್ಲ. ಒಂದು ಡೋಸಿನಿಂದ ಮುಂದಿನ ಡೋಸಿನವರೆಗೂ ರಕ್ತದಲ್ಲಿನ ಔಷಧದ ಸಾಂದ್ರತೆ ಇಸಿ90ಕ್ಕಿಂತ (ವೈರಸ್ಸನ್ನು ಶೇ 90ರಷ್ಟು ತಡೆಯುವ ಸಾಂದ್ರತೆಗಿಂತ) ಮೇಲೆ ಉಳಿಯಬೇಕೆಂಬುದು ಔಷಧ ರೂಪಿಸುವವರ ಸಾಮಾನ್ಯ ಗುರಿ.

ಪ್ರಾಣಿ ಪ್ರಯೋಗದ ಯಶಸ್ಸಿಗೂ ಮಿತಿಯುಂಟು. ರೆಮ್ಡೆಸಿವಿರ್ ಎಬೋಲ ಸೋಂಕಿತ ರೀಸಸ್ ಕೋತಿಗಳಲ್ಲಿ ಮೂರು ದಿನ ತಡವಾಗಿ ಆರಂಭಿಸಿದಾಗಲೂ ಎಲ್ಲವನ್ನೂ ಉಳಿಸಿತು ಎಂದು 2016ರಲ್ಲಿ ವರದಿಯಾಯಿತು. 2018ರ ಕೊನೆಯಿಂದ 2019ರವರೆಗೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ ನಡೆದ ಪಾಮ್ ಪ್ರಯೋಗದಲ್ಲಿ ಅದನ್ನು ಪಡೆದ ರೋಗಿಗಳಲ್ಲಿ ಶೇ 53ರಷ್ಟು ಮಂದಿ ತೀರಿಕೊಂಡರು; ಎರಡು ಪ್ರತಿಕಾಯ ಚಿಕಿತ್ಸೆಗಳಲ್ಲಿ ಆ ಪ್ರಮಾಣ ಶೇ 35ರ ಆಸುಪಾಸಿನಲ್ಲಿತ್ತು. ಕೋತಿಗೆ ಸೋಂಕು ತಗುಲಿದ ಗಳಿಗೆ ಪ್ರಯೋಗ ನಡೆಸುವವರಿಗೆ ಗೊತ್ತಿರುತ್ತದೆ. ರೋಗಿ ಬರುವುದು ಕಾಯಿಲೆ ಬಲಿತ ಮೇಲೆ.

ಈ ಸಮಯದ ವಿಚಾರವನ್ನು ಮಂಗನ ಕಾಯಿಲೆಗೆ ಅನ್ವಯಿಸಿ ನೋಡುವುದು ಅಗತ್ಯ, ಏಕೆಂದರೆ ಇಲ್ಲಿ ಒಂದು ಆಶಾದಾಯಕ ಅಂಶವಿದೆ. ಈ ಕಾಯಿಲೆಯಲ್ಲಿ ಜ್ವರ ಆರಂಭವಾದ ನಂತರ ಸುಮಾರು 12 ದಿನಗಳವರೆಗೂ ರಕ್ತದಲ್ಲಿ ವೈರಸ್ ಉಳಿದಿರುವುದು ದಾಖಲಾಗಿದೆ. ಡೆಂಗಿಯಲ್ಲಿ ರೋಗಿ ಆಸ್ಪತ್ರೆ ತಲುಪುವಷ್ಟರಲ್ಲಿ ವೈರಸ್ ಇಳಿಮುಖವಾಗಿರುತ್ತದೆ. ಇಲ್ಲಿ ಔಷಧಕ್ಕೆ ಹೆಚ್ಚು ಕಾಲಾವಕಾಶವಿದೆ. ಆದರೆ ಒಂದು ಪಾಲು ರೋಗಿಗಳಲ್ಲಿ ಜ್ವರ ಬಿಟ್ಟು, ಒಂದೆರಡು ವಾರಗಳ ನಂತರ ಮರಳಿ ಬಂದು, ತೀವ್ರ ತಲೆನೋವು, ಕತ್ತು ಬಿಗಿತ, ನಡುಕ ಮೊದಲಾದ ನರಸಂಬಂಧಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಹೀಗಾಗಿ ಈ ವೈರಸ್ಸಿಗೆ ಔಷಧ ಜರಡಿ ಹಿಡಿಯುವವರು ನರಕೋಶಗಳಲ್ಲಿಯೂ ಯಕೃತ್ತಿನ ಕೋಶಗಳಲ್ಲಿಯೂ ಪರೀಕ್ಷಿಸಬೇಕು, ಔಷಧ ಮಿದುಳನ್ನು ತಲುಪುತ್ತದೆಯೇ ಎಂಬುದನ್ನೂ ಬೇಗನೆ ನೋಡಬೇಕು. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಳಕೆಯಾಗಬೇಕಾದರೆ ಅದು ಮಾತ್ರೆಯ ರೂಪದಲ್ಲಿದ್ದರೆ ಮಾತ್ರ ಪ್ರಯೋಜನ ಎಂಬುದನ್ನೂ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಶರಾವತಿ_ತೀರ (ಪ್ರಶ್ನೆ ಕೇಳಿದವರು)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಂಟಿಟಿಯ ನಿಯಂತ್ರಣ ಮತ್ತು ಯೂರಿಡಿನ್ ಪರೀಕ್ಷೆಯ ವಿಷಯ ನಾನು ಓದಿದ ಯಾವ ಪಠ್ಯದಲ್ಲೂ ಇರಲಿಲ್ಲ. ಇನ್ನೊಂದು ಪ್ರಶ್ನೆ ಉಳಿದಿದೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಎರಡನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಮಾತ್ರ ಇದೆ. ಅಂಥ ಕಡೆ ಈ ವೈರಸ್ಸಿನ ಔಷಧದ ಮೇಲೆ ಅರ್ಥಪೂರ್ಣವಾದ ಕೆಲಸ ಸಾಧ್ಯವೇ? ನಮ್ಮಲ್ಲಿ ಹಲವರು ಅರಿಶಿನ ಮೊದಲಾದವುಗಳ ಅಂಶಗಳನ್ನು ಎನ್‌ಎಸ್3, ಎನ್‌ಎಸ್5 ಎಂಬ ವೈರಸ್ ಪ್ರೋಟೀನುಗಳಿಗೆ ಕಂಪ್ಯೂಟರಿನಲ್ಲಿ ಡಾಕಿಂಗ್ ಮಾಡಿ (ಅಣು ಪ್ರೋಟೀನಿಗೆ ಹೊಂದಿಕೊಳ್ಳುತ್ತದೆಯೇ ಎಂದು ಲೆಕ್ಕಹಾಕಿ) ನಿಲ್ಲಿಸಿಬಿಡುತ್ತಾರೆ.

ಉತ್ತರ 3: ಎನ್‌ಎಸ್5_ಓದುಗ

ಸಾಧ್ಯವಿದೆ, ಆದರೆ ಎಲ್ಲೆಗಳನ್ನು ಅರಿತು ಮಾಡಬೇಕು. ಜೀವಂತ ವೈರಸ್ಸನ್ನು ಎರಡನೇ ಹಂತದ ಪ್ರಯೋಗಾಲಯದಲ್ಲಿ ಮುಟ್ಟುವ ಯೋಚನೆಯನ್ನೇ ಮಾಡಬಾರದು. ಮಂಗನ ಕಾಯಿಲೆಯ ವೈರಸ್ ಪ್ರಯೋಗಾಲಯದ ಸಿಬ್ಬಂದಿಗೆ ಸೋಂಕು ತಗುಲಿಸಿದ ಉದಾಹರಣೆಗಳು ಅದರ ಸಂಶೋಧನೆಯ ಆರಂಭದ ದಿನಗಳಿಂದಲೂ ಇವೆ. ಅಮೆರಿಕದಲ್ಲಿ ಅದನ್ನು ನಾಲ್ಕನೇ ಹಂತದಲ್ಲಿ ಮಾತ್ರ ಬೆಳೆಸುತ್ತಾರೆ. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಆ ಹಂತದ ಪ್ರಯೋಗಾಲಯವಿದೆ.

ಜೀವಂತ ವೈರಸ್ ಇಲ್ಲದೆ ಮಾಡುವ ಕೆಲಸಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ರೆಪ್ಲಿಕಾನ್ ವಿಧಾನದಲ್ಲಿ. ವೈರಸ್ಸಿನ ಆರ್‌ಎನ್‌ಎಯಿಂದ ಹೊರಕವಚದ ಪ್ರೋಟೀನುಗಳ ಭಾಗವನ್ನು ತೆಗೆದು, ಅಲ್ಲಿ ಬೆಳಕು ಹೊಮ್ಮಿಸುವ ಲೂಸಿಫೆರೇಸ್ ಕಿಣ್ವದ ಜೀನನ್ನು ಕೂರಿಸಿದರೆ, ಆ ಆರ್‌ಎನ್‌ಎ ಕೋಶದೊಳಗೆ ತನ್ನ ಪ್ರತಿಗಳನ್ನು ಮಾಡಿಕೊಳ್ಳುತ್ತದೆ, ಬೆಳಕು ಸೂಸುತ್ತದೆ, ಆದರೆ ಸೋಂಕು ಹರಡುವ ಕಣವಾಗಿ ಹೊರಬರಲಾರದು. ಹೆಪಟೈಟಿಸ್ ಸಿ ವೈರಸ್ಸಿಗೆ 1999ರಲ್ಲಿ ಇಂಥ ರೆಪ್ಲಿಕಾನ್ ಸಿದ್ಧವಾದ ಮೇಲೆಯೇ ಆ ಕಾಯಿಲೆಯ ಔಷಧ ಶೋಧಕ್ಕೆ ವೇಗ ಬಂದದ್ದು. ಡಕ್ಲಟಾಸ್ವಿರ್ ಔಷಧದ ಮೂಲ ಸಿಕ್ಕಿದ್ದೂ ರೆಪ್ಲಿಕಾನ್ ಜರಡಿಯಲ್ಲಿ. ಅದರ ಗುರಿಯಾದ ಎನ್‌ಎಸ್5ಎಗೆ ಯಾವ ಕಿಣ್ವ ಚಟುವಟಿಕೆಯೂ ಇಲ್ಲದಿರುವುದರಿಂದ ಕಿಣ್ವದ ಪರೀಕ್ಷೆಯಿಂದ ಅದು ಎಂದಿಗೂ ಸಿಗುತ್ತಿರಲಿಲ್ಲ. ರೆಪ್ಲಿಕಾನ್‌ನಲ್ಲಿ ವೈರಸ್ಸಿನ ಪ್ರವೇಶವನ್ನಾಗಲಿ ಹೊರಬರುವಿಕೆಯನ್ನಾಗಲಿ ತಡೆಯುವ ಔಷಧ ಕಾಣುವುದಿಲ್ಲ ಎಂಬ ಮಿತಿ ಇದೆ. ಹುಸಿವೈರಸ್‌ಗಳಲ್ಲಿ (ನಿರುಪದ್ರವಿ ಕಣಕ್ಕೆ ಈ ವೈರಸ್ಸಿನ ಹೊರಮೈ ಪ್ರೋಟೀನು ತೊಡಿಸಿದವು) ಇದಕ್ಕೆ ವಿರುದ್ಧವಾಗಿ ಪ್ರವೇಶ ಮಾತ್ರ ಕಾಣುತ್ತದೆ. ಲೂಸಿಫೆರೇಸನ್ನೇ ನೇರವಾಗಿ ತಡೆಯುವ ರಾಸಾಯನಿಕಗಳೂ ಇರುವುದರಿಂದ ಬೇರೊಂದು ವಿಧಾನದಿಂದ ದೃಢಪಡಿಸಿಕೊಳ್ಳಬೇಕು. ಮಂಗನ ಕಾಯಿಲೆಯ ವೈರಸ್ಸಿನಂತೆ ಉಣುಗುಗಳಿಂದ ಹರಡುವ ವೈರಸ್‌ಗಳ ಗುಂಪಿಗೇ ಸೇರಿದ, ಸ್ವಭಾವತಃ ದುರ್ಬಲವಾದ ಲಂಗಟ್ ವೈರಸ್ಸನ್ನು ಹಲವು ದೇಶಗಳಲ್ಲಿ ಎರಡನೇ ಹಂತದಲ್ಲಿ ಬದಲಿಯಾಗಿ ಬಳಸುತ್ತಾರೆ. ತಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯಿಲ್ಲದೆ ಅದಕ್ಕೂ ಕೈ ಹಾಕಬಾರದು.

ಡಾಕಿಂಗ್ ಬಗ್ಗೆ ನೇರವಾಗಿಯೇ ಹೇಳುತ್ತೇನೆ. ಯಾವ ರಾಸಾಯನಿಕವನ್ನು ಮೊದಲು ಪರೀಕ್ಷಿಸಬೇಕು ಎಂಬ ಸರದಿಯನ್ನು ಅದು ಕೊಡಬಲ್ಲದು. ಔಷಧ ಸಿಕ್ಕಿತು ಎಂದು ಹೇಳುವ ಅಧಿಕಾರ ಅದಕ್ಕಿಲ್ಲ. ಎನ್‌ಎಸ್2ಬಿ-ಎನ್‌ಎಸ್3 ಪ್ರೋಟಿಯೇಸನ್ನು (ವೈರಸ್ಸಿನ ಪ್ರೋಟೀನು ಕತ್ತರಿಸುವ ಕಿಣ್ವವನ್ನು) ಬ್ಯಾಕ್ಟೀರಿಯದಲ್ಲಿ ತಯಾರಿಸಿ, ಕತ್ತರಿಸಿದಾಗ ಬೆಳಗುವ ಪೆಪ್ಟೈಡಿನೊಂದಿಗೆ ಪರೀಕ್ಷಿಸುವುದು ಎಂ.ಎಸ್ಸಿ. ಮಟ್ಟದಲ್ಲೂ ಸಾಧ್ಯವಾದ, ಸೋಂಕಿನ ಅಪಾಯವಿಲ್ಲದ ಕೆಲಸ. ಅಲ್ಲಿ ಎಚ್ಚರಿಕೆ ಬೇಕಾದುದು ಕರ್ಕ್ಯುಮಿನ್, ಕ್ವೆರ್ಸೆಟಿನ್‌ನಂಥ ಅಂಶಗಳ ಬಗ್ಗೆ. ಇಂಥವು ನೀರಿನಲ್ಲಿ ಗುಂಪುಗಟ್ಟಿ ಎದುರು ಸಿಕ್ಕ ಕಿಣ್ವವನ್ನೆಲ್ಲ ಹಿಡಿದುಕೊಳ್ಳುತ್ತವೆ, ಇಲ್ಲವೇ ಪೆಪ್ಟೈಡಿನ ಬೆಳಕನ್ನು ತಾವೇ ಹೀರುತ್ತವೆ. ಶೇ 0.01ರಷ್ಟು ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕವನ್ನು ಸೇರಿಸಿದಾಗ ತಡೆಯುವ ಶಕ್ತಿ ಹೊರಟುಹೋದರೆ, ಅದು ಗುಂಪುಗಟ್ಟುವಿಕೆಯ ಫಲ ಎಂದು ತಿಳಿಯಬೇಕು.

ಮಂಗನ ಕಾಯಿಲೆಯ ವೈರಸ್ ಮೇಲೆ ಕೆಲಸ ನಡೆದಿದೆಯೇ ಎಂದು ಕೇಳಿದ್ದಿರಿ. ನಡೆದಿದೆ. ಎನ್‌ಐಟಿಡಿ008 ಎಂಬ ಅಡೆನೊಸಿನ್ ಹೋಲಿಕೆಯ ರಾಸಾಯನಿಕ ಈ ವೈರಸ್ಸನ್ನೂ ಅದರ ಹತ್ತಿರದ ಬಂಧುವಾದ ಅಲ್‌ಖುರ್ಮಾ ವೈರಸ್ಸನ್ನೂ ಕೋಶಗಳಲ್ಲಿ ಬಲವಾಗಿ ತಡೆಯುತ್ತದೆ ಎಂದು 2016ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಮೂಲತಃ ಡೆಂಗಿಗಾಗಿ ರೂಪುಗೊಂಡಿದ್ದ ಅದು ಎರಡು ವಾರಗಳ ಪ್ರಾಣಿ ಪರೀಕ್ಷೆಯಲ್ಲಿ ವಿಷಗುಣ ತೋರಿದ್ದರಿಂದ ಔಷಧವಾಗಿ ಮುಂದುವರಿಯಲಿಲ್ಲ. ಆದರೂ ಈ ವೈರಸ್ಸಿನ ಪಾಲಿಮರೇಸ್ (ಎನ್‌ಎಸ್5ರಲ್ಲಿರುವ, ಆರ್‌ಎನ್‌ಎ ನಕಲು ಮಾಡುವ ಕಿಣ್ವ) ತಡೆಯಬಲ್ಲಂಥ ಗುರಿ ಎಂಬುದು ಅದರಿಂದ ಗಟ್ಟಿಯಾಯಿತು, ರೆಪ್ಲಿಕಾನ್ ಪರೀಕ್ಷೆ ಕಟ್ಟುವವರಿಗೆ ಒಂದು ಒಳ್ಳೆಯ ಧನಾತ್ಮಕ ನಿಯಂತ್ರಣವೂ ದೊರೆಯಿತು.

ಉತ್ತರ 4: ಕೋಶಕೃಷಿ

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಹಿಟ್ ಸಿಕ್ಕ ಮೇಲೆ ಅದು ವೈರಸ್ಸಿನ ಯಾವ ಹಂತವನ್ನು ತಡೆಯುತ್ತದೆ ಎಂದು ತಿಳಿಯುವ ಎರಡು ದಾರಿಗಳನ್ನು ಸೆಮಿನಾರಿನಲ್ಲಿ ಬಿಡಬೇಡಿ. ಒಂದು, ಸೋಂಕಿಗೆ ಮುಂಚೆ, ಸೋಂಕಿನ ಜೊತೆಗೆ, ಎರಡು ಗಂಟೆಯ ನಂತರ, ಆರು ಗಂಟೆಯ ನಂತರ ಹೀಗೆ ಔಷಧವನ್ನು ಬೇರೆ ಬೇರೆ ಹೊತ್ತಿನಲ್ಲಿ ಸೇರಿಸಿ, ಯಾವ ಹೊತ್ತಿನ ನಂತರ ಅದು ನಿಷ್ಫಲವಾಗುತ್ತದೆ ಎಂದು ನೋಡುವುದು. ಇನ್ನೊಂದು, ಔಷಧದ ಸಾಂದ್ರತೆಯನ್ನು ನಿಧಾನವಾಗಿ ಏರಿಸುತ್ತ ವೈರಸ್ಸನ್ನು ಮತ್ತೆ ಮತ್ತೆ ಬೆಳೆಸಿ, ಪ್ರತಿರೋಧ ಗಳಿಸಿದ ವೈರಸ್ಸಿನ ಜೀನೋಮನ್ನು ಓದುವುದು. ಬದಲಾವಣೆ ಎನ್‌ಎಸ್5ರಲ್ಲಿ ಕಂಡರೆ ಗುರಿ ಅಲ್ಲಿದೆ ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಅಪರೂಪ. ಆದರೆ ಈ ಎರಡನೆಯದನ್ನು ಅಪಾಯಕಾರಿ ವೈರಸ್ ಮೇಲೆ ಮಾಡಲು ಅನುಮತಿ ಸುಲಭವಾಗಿ ಸಿಗುವುದಿಲ್ಲ, ಸಿಗಲೂಬಾರದು. ಔಷಧಕ್ಕೆ ಬಗ್ಗದ ವೈರಸ್ಸನ್ನು ಕೈಯಾರೆ ಸೃಷ್ಟಿಸಿದಂತಾಗುತ್ತದೆ. ಅಂಥ ಸಂದರ್ಭದಲ್ಲಿ ರೆಪ್ಲಿಕಾನ್‌ನಲ್ಲೇ ಪ್ರತಿರೋಧವನ್ನು ಆಯ್ದು ನೋಡುತ್ತಾರೆ.

ತಾವು ಪ್ರೋಟಿಯೇಸ್ ಪರೀಕ್ಷೆಯನ್ನು ಕೈಗೆತ್ತಿಕೊಂಡರೆ, ಔಷಧ ಕರಗಿಸಲು ಬಳಸುವ ಡಿಎಂಎಸ್‌ಒ ದ್ರಾವಕದ ಪ್ರಮಾಣವನ್ನು ಎಲ್ಲ ವೆಲ್‌ಗಳಲ್ಲೂ ಒಂದೇ ಆಗಿಡಿ. 96 ವೆಲ್‌ಗಳ ಪ್ಲೇಟಿನ ಅಂಚಿನ ವೆಲ್‌ಗಳಲ್ಲಿ ನೀರು ಬೇಗ ಆರಿ ಅಂಕಿಗಳು ತಪ್ಪುವುದರಿಂದ ಅವುಗಳಲ್ಲಿ ಬಫರ್ ಮಾತ್ರ ತುಂಬಿ, ಪರೀಕ್ಷೆಯನ್ನು ಒಳಗಿನ 60 ವೆಲ್‌ಗಳಲ್ಲಿ ನಡೆಸಿ.